ಹೇಳಿದವರ ತಲೆಗೆ ಕಿರೀಟ

ಜನವರಿ 12

ಅಕ್ಕ,

ಹೊಸ ವರ್ಷಕ್ಕೇ ಬರೆಯಬೇಕೆಂದಿದ್ದೆ, ಆಗಲಿಲ್ಲ. ಫೋನು ಮಾಡಿದರೆ ನೀನು "ಹ್ಞೂಂ, ಹ್ಞೂಂ" ಎನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ. ಎರಡು ಕೋಣೆಯ ಮನೆ, ಅಪ್ಪನ ಮೈಯಲ್ಲಿ ಕಿವಿಯೊಂದು ಮಾತ್ರ ಇನ್ನೂ ಚುರುಕಾಗಿದೆ. ಗೊತ್ತು. ಅದಕ್ಕೇ ಈ ಕಾಗದ.

ಲಾಂಡ್ರಿಯಲ್ಲಿ ಒಂದು ಅನಾಹುತವಾಯಿತು. ಆಸ್ಪತ್ರೆ, ಲಾಡ್ಜುಗಳ ಚಾದರಗಳನ್ನು ಇಸ್ತ್ರಿ ಮಾಡಲು ನಮ್ಮಲ್ಲಿ ಎರಡು ದೊಡ್ಡ ರೋಲರುಗಳಿವೆ. ಒದ್ದೆ ಚಾದರದ ಅಂಚು ಹಿಡಿದು ಅದರ ಬಾಯಿಗೆ ಕೊಟ್ಟರೆ ಒಳಗೆಳೆದುಕೊಂಡು ಆ ಕಡೆ ಗರಿಗರಿಯಾಗಿ ಉಗುಳುತ್ತದೆ. ಬಾಯಿಯ ಮುಂದೆ ಒಂದು ತಡೆಪಟ್ಟಿ ಇದೆ. ಬೆರಳು ತಗುಲಿದರೆ ಯಂತ್ರ ತಕ್ಷಣ ನಿಲ್ಲಬೇಕು. ಒಂದನೇ ರೋಲರಿನ ಪಟ್ಟಿ ಸುಮ್ಮಸುಮ್ಮನೆ ಯಂತ್ರ ನಿಲ್ಲಿಸಿ ಜೀವ ತಿನ್ನುತ್ತಿತ್ತಂತೆ. ಯಾರೋ ಹರಿದ ಚಾದರದ ಚೂರಿನಿಂದ ಅದನ್ನು ಕಟ್ಟಿಹಾಕಿದ್ದಾರೆ. ಸೋಮವಾರ, ರೋಲರಿನ ಮುಂದೆ ನಿಲ್ಲುವ ಹೆಂಗಸಿನ ಎರಡು ಬೆರಳು ಸುಟ್ಟವು. ಪಕ್ಕದವಳು ಓಡಿಹೋಗಿ ಸ್ವಿಚ್ ಆರಿಸಿದ್ದರಿಂದ ಕೈ ಉಳಿಯಿತು.

ನನಗೆ ಸಂಕಟವಾಗಿರುವುದು ಯಾವುದಕ್ಕೆ ಗೊತ್ತಾ? ಆ ಚೂರು ಎಷ್ಟೋ ತಿಂಗಳಿಂದ ಅಲ್ಲಿತ್ತು. ಎಲ್ಲರೂ ನೋಡಿದ್ದಾರೆ. ಒಬ್ಬರೂ ನನಗೆ ಹೇಳಲಿಲ್ಲ. ಒಬ್ಬೊಬ್ಬರನ್ನೇ ಕರೆದು ಕೇಳಿದೆ. ಎಲ್ಲರದೂ ಒಂದೇ ಮಾತು: "ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ವಿ ಸಾರ್."

ನಾನು ಗದರುವವನಲ್ಲ. ಒಬ್ಬರ ಕೆಲಸವನ್ನೂ ಕಿತ್ತುಕೊಂಡವನಲ್ಲ. ನನ್ನ ಕೋಣೆಯ ಬಾಗಿಲಿಗೆ ಚಿಲಕ ಕೂಡ ಇಲ್ಲ. ಮ್ಯಾನೇಜರ್ ಆದವನು ಇನ್ನೇನು ಮಾಡಬೇಕು? ಯಜಮಾನರು ಫೋನಿನಲ್ಲಿ, "ಮುಂದಿನ ಸಲ ಕೈಯೇ ಹೋದರೆ ನಿನ್ನನ್ನೇ ಕೇಳ್ತೀನಿ" ಎಂದಿದ್ದಾರೆ. ಗೋಡೆಗೆ ಒಂದು ಪೆಟ್ಟಿಗೆ ಹಾಕಿಸುತ್ತಿದ್ದೇನೆ. ಹೆಸರು ಬೇಡ, ಮನಸ್ಸಿನಲ್ಲಿದ್ದುದನ್ನು ಬರೆದು ಹಾಕಲಿ.

ಅಪ್ಪ ಹೇಗಿದ್ದಾರೆ? ನೀನು?

ನಿನ್ನ ತಮ್ಮ


ಜನವರಿ 27

ದೊರೆಗೆ,

ಆ ಹೆಂಗಸಿನ ಬೆರಳು ಮಡಚಲು ಬರುತ್ತದೆಯೇ? ನೀನು ಪೆಟ್ಟಿಗೆಯ ಬಗ್ಗೆ ಬರೆದೆ, ಬೆರಳಿನ ಬಗ್ಗೆ ಬರೆಯಲಿಲ್ಲ.

ನಿನ್ನನ್ನು ದೊರೆ ಎಂದು ಕರೆಯಲು ಶುರುಮಾಡಿದ್ದು ಅಮ್ಮ, ನೆನಪಿದೆಯಾ? ಐದು ವರ್ಷದವನು ಸ್ಟೂಲಿನ ಮೇಲೆ ನಿಂತು ಮನೆಯವರಿಗೆಲ್ಲ ಕೆಲಸ ಹಂಚುತ್ತಿದ್ದೆ. ನೀನು ನೀರು ತಾ, ನೀನು ಬಾಗಿಲು ಹಾಕು ಎಂದು. ನಾವೂ ನಗುತ್ತಾ ಮಾಡುತ್ತಿದ್ದೆವು. ಅಷ್ಟು ಮುದ್ದಾಗಿ ಹೇಳುತ್ತಿದ್ದೆ.

ಅಪ್ಪ ಇದ್ದ ಹಾಗೇ ಇದ್ದಾರೆ. ಲಕ್ವ ಹೊಡೆದ ಎಡಗೈ ಎಡಗಾಲು ಮೊದಲಿನಂತೆಯೇ, ಕಂಡಕ್ಟರ್ ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಬಾಯಿ ಮಾತ್ರ ಬಸ್ಸಿನಲ್ಲೇ ಇದೆ. ಔಷಧಿ ಅಂಗಡಿಯವನು ಮಾತ್ರೆ ಕೊಡಲು ಬಂದರೆ, "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ, ಹಿಂದೆ ಜಾಗ ಇದೆ" ಎನ್ನುತ್ತಾರೆ. ಅವನು ಪಾಪ ಒಳಗೆ ಬಂದು ಕೂತು, ಕಂಡಕ್ಟರು ಇಳಿಯಲು ಹೇಳುವವರೆಗೂ ಹೋಗುವುದಿಲ್ಲ.

ಹೊಲಿಗೆ ಯಂತ್ರದ ಮೇಲೆ ಔಷಧಿಗಳನ್ನು ಇಟ್ಟಿದ್ದೇನೆ. ಮೇಜಾಗಿ ಚೆನ್ನಾಗಿದೆ. ಮುಚ್ಚಿದ ಹೊಲಿಗೆ ಅಂಗಡಿಯ ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ, ಕಟ್ಟಡದವರು ಆಗಾಗ ಕೇಳುತ್ತಾರೆ. ಕೊಡುತ್ತೇನೆ, ಕೊಡುತ್ತೇನೆ ಎನ್ನುತ್ತಿದ್ದೇನೆ.

ಇಲ್ಲಿ ಎಲ್ಲ ಚೆನ್ನಾಗಿದೆ.

ಅಕ್ಕ


ಫೆಬ್ರವರಿ 24

ಅಕ್ಕ,

ಬೆರಳು ಮಡಚಲು ಬರುತ್ತದೆ. ಒಂದು ಪೂರ್ತಿ, ಇನ್ನೊಂದು ಅರ್ಧ. ನೀನು ಕೇಳಿದ ಮೇಲೇ ಹೋಗಿ ನೋಡಿದೆ. ನಾಚಿಕೆಯಾಯಿತು.

ಪೆಟ್ಟಿಗೆಯ ಕಥೆ ಕೇಳು. ಮೊದಲ ವಾರ ಖಾಲಿ. ಎರಡನೇ ವಾರ ಒಂದು ಮಿಠಾಯಿ ಕಾಗದ. ಮೂರನೇ ವಾರ ಒಂದು ಚೀಟಿ, ಅದರಲ್ಲಿ "ಎಲ್ಲಾ ಚೆನ್ನಾಗಿದೆ ಸಾರ್" ಎಂದು ಬರೆದು ಕೆಳಗೆ ಹೆಸರು ಬೇರೆ ಹಾಕಿದ್ದರು. ಹೆಸರು ಬೇಡ ಅಂದದ್ದಕ್ಕೆ ಹೆಸರು ಹಾಕಿದ ಒಂದೇ ಚೀಟಿ ಅದು.

ಆಮೇಲೆ ಸಭೆ ಕರೆದೆ. ಚಹಾ ತರಿಸಿದೆ. ಕುರ್ಚಿಗಳನ್ನು ದುಂಡಗೆ ಹಾಕಿಸಿದೆ. ಎದ್ದು ನಿಂತು, "ನನ್ನ ತಪ್ಪುಗಳನ್ನ ಮುಖದ ಮೇಲೇ ಹೇಳಿ, ನಾನು ಬೇಜಾರು ಮಾಡ್ಕೊಳ್ಳಲ್ಲ" ಎಂದೆ. ಇಪ್ಪತ್ತು ಜನ ಲೋಟದೊಳಗೆ ನೋಡುತ್ತಾ ಕೂತರು. ಕೊನೆಗೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, "ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಆಗಿದೆ ಸಾರ್" ಎಂದ. ಖುಷಿಯಾಗಿ ಹೋಯಿತು ನನಗೆ. ಒಬ್ಬನಾದರೂ ಬಾಯಿ ಬಿಟ್ಟನಲ್ಲ. "ಭೇಷ್, ಇನ್ಮೇಲೆ ಚಹಾದ ಉಸ್ತುವಾರಿ ನಿಂದೇ" ಎಂದೆ. ಎಲ್ಲರೂ ನಕ್ಕರು. ಆ ನಗೆ ಯಾಕೋ ನನಗೆ ಅರ್ಥವಾಗಲಿಲ್ಲ.

ಸುಸ್ತಾಗಿದೆ ಅಕ್ಕ. ಬೆಳಿಗ್ಗೆ ಹೋಗುತ್ತೇನೆ, ಬಿಳಿ ಚಾದರ ನೋಡುತ್ತೇನೆ, ಸಂಜೆ ಬರುತ್ತೇನೆ. ನನ್ನಾಕೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವ ಹೊತ್ತಿಗೆ ನಾನು ಕುರ್ಚಿಯಲ್ಲೇ ನಿದ್ದೆ ಹೋಗಿರುತ್ತೇನೆ. ಎಲ್ಲರೂ ನನ್ನ ಜೊತೆ ಮರ್ಯಾದೆಯಾಗಿ ನಡೆದುಕೊಳ್ಳುತ್ತಾರೆ, ಆ ಮರ್ಯಾದೆಯೇ ಗೋಡೆಯಾಗಿ ನಿಂತಿದೆ.

ಅಂದ ಹಾಗೆ, ಲಕೋಟೆಯ ಮೇಲಿನ ವಿಳಾಸ ನಿನ್ನ ಅಕ್ಷರವೇ ಎಂದು ಎರಡು ಸಲ ನೋಡಿದೆ. ಸಾಲೆಲ್ಲ ಕೆಳಕ್ಕೆ ಜಾರಿದೆ. ನಿನ್ನದು ಮುತ್ತಿನಂಥ ಅಕ್ಷರವಲ್ಲವೇ?

ತಮ್ಮ


ಮಾರ್ಚ್ 13

ದೊರೆಗೆ,

ಪೆನ್ನು ಸರಿಯಿಲ್ಲ. ಬೇರೆ ತರಿಸುತ್ತೇನೆ.

ಮೇಸ್ತ್ರಿಗೆ ಚಹಾ ಮಾಡಲು ಬರುತ್ತದೆಯೋ ಇಲ್ಲವೋ ಕೇಳಿದೆಯಾ?

ಅಪ್ಪನಿಗೆ ಸ್ನಾನ ಮಾಡಿಸಬೇಕು, ನೀರು ಆರುತ್ತಿದೆ. ಇಲ್ಲಿ ಎಲ್ಲ ಚೆನ್ನಾಗಿದೆ.

ಅಕ್ಕ


ಏಪ್ರಿಲ್ 6

ಅಕ್ಕ,

ಗುಟ್ಟು ರಟ್ಟಾಯಿತು. ಬರೆಯಲು ಕೂತರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ನಮ್ಮ ವ್ಯಾನಿನ ಡ್ರೈವರ್ ಕೆಲಸ ಬಿಟ್ಟ. ಅವನ ಭಾವನ ಊರಿನಲ್ಲಿ ಬೇರೆ ಕೆಲಸ ಸಿಕ್ಕಿದೆ. ಕೊನೆಯ ದಿನ ಕೀಲಿ ಕೊಡಲು ಬಂದವನನ್ನು ಕೂರಿಸಿ, "ಹೋಗ್ತಾ ಇದ್ದೀಯ, ನಿನಗಿನ್ನು ಯಾರ ಹಂಗು? ನಿಜ ಹೇಳು, ಇಲ್ಲಿ ನನಗ್ಯಾಕೆ ಯಾರೂ ಏನೂ ಹೇಳಲ್ಲ?" ಎಂದು ಕೇಳಿದೆ.

ಅವನು ಬಾಗಿಲ ಕಡೆ ಒಮ್ಮೆ ನೋಡಿದ. "ಕಿರೀಟದ ಭಯ ಸಾರ್" ಎಂದ.

"ಯಾವ ಕಿರೀಟ?"

"ಹೋದ್ ವರ್ಷ ನಾನು ಬಂದು ವ್ಯಾನಿನ ಬ್ರೇಕ್ ಸರಿಯಿಲ್ಲ ಅಂದೆ. ನೀವು ಭುಜ ತಟ್ಟಿ, ಭೇಷ್, ನಿನ್ನಂಥವರು ಬೇಕು, ಇನ್ಮೇಲೆ ಮೂರು ವ್ಯಾನಿನ ಬ್ರೇಕೂ ನೋಡ್ಕೊಳ್ಳೋ ಜವಾಬ್ದಾರಿ ನಿಂದೇ ಅಂದ್ರಿ. ಅವತ್ತಿಂದ ನನ್ನ ಭಾನುವಾರ ಎಲ್ಲಾ ಗ್ಯಾರೇಜಲ್ಲೇ ಹೋಯ್ತು. ಅತ್ತೆ ಬಂದು ಸೋಪು ಕೈ ತಿನ್ನುತ್ತೆ ಅಂದ್ರು. ಅವರನ್ನ ಸೋಪಿನ ಉಸ್ತುವಾರಿ ಮಾಡಿದ್ರಿ. ಈಗ ಡಬ್ಬ ಎತ್ತಿ ಎತ್ತಿ ಅವರಿಗೆ ಸೊಂಟ ನೋವು. ನೀವು ಬೈಯಲ್ಲ ಸಾರ್. ಬೈದ್ರೆ ಬೈಸ್ಕೊಂಡು ಬರಬಹುದಿತ್ತು. ನೀವು ಹೊಗಳಿ ತಲೆಗೆ ಕಟ್ತೀರ. ಅದಕ್ಕೇ ಯಾರಾದ್ರೂ ನಿಮ್ಮ ಕೋಣೆಯಿಂದ ಹೊರಗೆ ಬಂದ್ರೆ ನಾವು ಕೇಳೋದು, ಇವತ್ತು ಯಾವ ಕಿರೀಟ ಬಿತ್ತು ಅಂತ."

ಅತ್ತೆ ಎಂದರೆ ಮಡಚುವ ಮೇಜಿನ ಹಿರಿಯ ಹೆಂಗಸು. ಎಲ್ಲರಿಗೂ ಅವರು ಅತ್ತೆಯೇ, ನನಗೂ. ಅವರ ಸೊಂಟ ನೋವು ನನಗೆ ಗೊತ್ತಿರಲಿಲ್ಲ.

ಯೋಚಿಸಿ ನೋಡು. ಸಮಸ್ಯೆ ಕಂಡವರಿಗೇ ಅದನ್ನು ಒಪ್ಪಿಸುವುದು ನಾನು ಕೊಡುವ ಗೌರವ ಎಂದು ಇಷ್ಟು ದಿನ ನಂಬಿದ್ದೆ. ಯಾವುದೋ ತರಬೇತಿಯಲ್ಲಿ ಹಾಗೇ ಹೇಳಿಕೊಟ್ಟಿದ್ದರು ಕೂಡ. ತಡೆಪಟ್ಟಿಯ ವಿಷಯ ಹೇಳಿದ್ದರೆ, ದಿನಾ ಬೆಳಿಗ್ಗೆ ಬೇಗ ಬಂದು ಎರಡೂ ರೋಲರ್ ಪರೀಕ್ಷಿಸುವ ಕೆಲಸ ಆ ಹೆಂಗಸಿನ ತಲೆಗೇ ಬೀಳುತ್ತಿತ್ತು. ಆಕೆಗೆ ಇಬ್ಬರು ಚಿಕ್ಕ ಮಕ್ಕಳು. ಸುಮ್ಮನಿದ್ದಳು, ಬೆರಳು ಸುಟ್ಟುಕೊಂಡಳು.

ನಾಳೆಯಿಂದ ಹೊಸ ಕಟ್ಟಳೆ. ಹೇಳಿದವರು ಹೇಳಿ ತಮ್ಮ ಕೆಲಸಕ್ಕೆ ಹೋಗಬೇಕು. ಮಾಡುವುದು ನನ್ನ ಪಾಲು. ಏನು ಮಾಡಿದೆ ಎಂದು ಶುಕ್ರವಾರ ಎಲ್ಲರ ಮುಂದೆ ಒಪ್ಪಿಸಬೇಕಾದವನೂ ನಾನೇ.

ಕಿರೀಟದ ತಮಾಷೆ ಹೇಗಿದೆ ಹೇಳು.

ದೊರೆ


ಮೇ 2

ದೊರೆಗೆ,

ತಮಾಷೆ ಓದಿ ನಕ್ಕೆ. ಗಟ್ಟಿಯಾಗಿಯೇ ನಕ್ಕೆ, ಅಪ್ಪ ಏನಾಯಿತೆಂದು ಕೇಳುವಷ್ಟು. ಆಮೇಲೆ ಅದೇ ಕಾಗದವನ್ನು ದಿನಕ್ಕೊಮ್ಮೆ ತೆಗೆದು ಓದುತ್ತಿದ್ದೆ. ಉತ್ತರ ತಡವಾದದ್ದಕ್ಕೆ ಅದೇ ಕಾರಣ ಎಂದುಕೋ.

ನಿನ್ನ ಹೊಸ ಕಟ್ಟಳೆ ಒಳ್ಳೆಯದು. ಅದು ಲಾಂಡ್ರಿಗೆ ಮಾತ್ರವೋ?

ಒಂದು ಸಣ್ಣ ವಿಷಯ. ಬಚ್ಚಲುಮನೆಯ ನಲ್ಲಿ ತುಂಬಾ ಬಿಗಿಯಾಗಿದೆ. ತಿರುಗಿಸುವುದೇ ಕಷ್ಟವಾಗಿದೆ. ಅಪ್ಪನ ಸ್ನಾನದ ಹೊತ್ತಿಗೆ ಸ್ವಲ್ಪ ತೊಂದರೆ. ಅಷ್ಟೇ.

ಅಕ್ಕ


ಮೇ 8

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಕಲ್ಲು ಮಾತಾಡಿದೆ. ನಿನ್ನೆ ಅತ್ತೆ ನನ್ನ ಕೋಣೆಗೆ ಬಂದು, ಊಟದ ಕೋಣೆಯ ಬೆಂಚು ಅಲ್ಲಾಡುತ್ತದೆ ಎಂದರು. "ಹಾಗಾದ್ರೆ ನೀವೇ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಸರಿ ಅತ್ತೆ, ನಾನು ನೋಡ್ತೀನಿ" ಎಂದೆ. ಅವರು ಇನ್ನೂ ಏನೋ ಬೀಳಬೇಕಿತ್ತು ಎಂಬಂತೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ನಂಬಿಕೆಯಿಲ್ಲದೆ ಹೋದರು. ಸಂಜೆ ನಾನೇ ಸುತ್ತಿಗೆ ಹಿಡಿದೆ. ಹೆಬ್ಬೆರಳು ಜಜ್ಜಿಕೊಂಡೆ. ಬೆಂಚು ಈಗ ಬೇರೆ ಕಡೆಗೆ ಅಲ್ಲಾಡುತ್ತದೆ. ಶುಕ್ರವಾರ ಇದನ್ನೇ ಎಲ್ಲರ ಮುಂದೆ ಹೇಳುವವನಿದ್ದೇನೆ.

ನಲ್ಲಿಯ ವಿಷಯ ಓದಿದೆ. ನಿಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಪ್ಲಂಬರ್ ಇದ್ದನಲ್ಲ, ಕರೆಸಿ ಬಿಡು. ಇಂಥದ್ದೆಲ್ಲ ನಿನಗೆ ಚೆನ್ನಾಗಿ ಗೊತ್ತು, ಎದುರಿಗೆ ನಿಂತು ಸರಿಯಾಗಿ ಮಾಡಿಸು. ಹಾಗೇ ಅಡುಗೆಮನೆಯ ನಲ್ಲಿಯನ್ನೂ ಒಮ್ಮೆ ನೋಡಿಸಿಬಿಡು.

ತಮ್ಮ


ಮೇ 20

ಪ್ಲಂಬರ್ ಬಂದು ಹೋದ. ಅಡುಗೆಮನೆಯದೂ ನೋಡಿದ.

ಇಲ್ಲಿ ಎಲ್ಲ ಚೆನ್ನಾಗಿದೆ.

ಅಕ್ಕ


ಜುಲೈ 4

ಅಕ್ಕ,

ಒಂದೂವರೆ ತಿಂಗಳಾಯಿತು, ನಿನ್ನ ಕಾಗದವಿಲ್ಲ. ಫೋನು ಮಾಡಿದರೆ ಮತ್ತದೇ "ಹ್ಞೂಂ". ಕೋಪವೇ?

ಇಲ್ಲಿ ಆಗಬೇಕಾದದ್ದು ಆಯಿತು. ಬೆಂಚಿನ ನಂತರ ಮಡಚುವ ಮೇಜಿನ ಮೇಲಿನ ದೀಪ ಮಂಕಾಗಿದೆ ಎಂಬ ಮಾತು ಬಂತು. ಹಾಕಿಸಿದೆ. ಸೋಪಿನ ಡಬ್ಬಗಳನ್ನು ಅತ್ತೆಯ ತಲೆಯಿಂದ ಇಳಿಸಿ ಕೈಗಾಡಿ ತರಿಸಿದೆ. ಮೇಸ್ತ್ರಿಯನ್ನು ಚಹಾದಿಂದ ಬಿಡುಗಡೆ ಮಾಡಿದೆ. ನೀನು ಕೇಳಿದ್ದೆಯಲ್ಲ, ಅವನಿಗೆ ಚಹಾ ಮಾಡಲು ಬರುತ್ತಿರಲಿಲ್ಲ. ಇಷ್ಟು ದಿನ ಅವನ ಹೆಂಡತಿ ಮನೆಯಿಂದ ಮಾಡಿ ಕಳಿಸುತ್ತಿದ್ದಳಂತೆ.

ಮೊನ್ನೆ ಮಂಗಳವಾರ, ಆಸ್ಪತ್ರೆಯ ಚಾದರ ಬೆಟ್ಟದಂತೆ ಬಿದ್ದಿದ್ದಾಗ, ಅದೇ ಸುಟ್ಟ ಬೆರಳಿನ ಹೆಂಗಸು ಬಂದು ನನ್ನ ಮೇಜಿನ ಮುಂದೆ ನಿಂತಳು. "ಎರಡನೇ ರೋಲರಿನ ಪಟ್ಟಿ ಒತ್ತಿದ್ರೆ ತಡವಾಗಿ ನಿಲ್ಲುತ್ತೆ ಸಾರ್. ಬೆಳಿಗ್ಗೆಯಿಂದ. ಹೇಳಿದೀನಿ" ಎಂದಳು. ಅಷ್ಟೇ ಹೇಳಿ ತಿರುಗಿ ಹೋದಳು. ನಾನು ಹೋಗಿ ರೋಲರ್ ಆರಿಸಿದೆ. ಆಸ್ಪತ್ರೆಗೆ ಚಾದರ ಹೋಗಲಿಲ್ಲ. ಯಜಮಾನರು ಫೋನಿನಲ್ಲಿ ನನ್ನ ಏಳು ತಲೆಮಾರನ್ನು ಜಾಲಾಡಿದರು. ಅಪ್ಪನೂ ಅದರಲ್ಲಿ ಬಂದರು. ನಾನು ಅವಳ ಹೆಸರು ಎತ್ತಲಿಲ್ಲ.

ಸಂಜೆ ಅತ್ತೆ ಚಹಾದ ಲೋಟ ನನ್ನ ಮೇಜಿನ ಮೇಲಿಟ್ಟರು. "ಬೆಂಚೇನು ಅಷ್ಟೊಂದು ಅಲ್ಲಾಡ್ತಿರಲಿಲ್ಲ ಬಿಡಿ ಸಾರ್. ನಿಮ್ಮ ಕೈಯಲ್ಲಿ ಏನಾಗುತ್ತೆ ನೋಡೋಣ ಅಂತ ಹೇಳಿದ್ದು. ಒಂದು ಬೆಂಚಿಗೇ ತಲೆಗೆ ಏನಾದ್ರೂ ಕಟ್ಟಿದ್ರೆ, ರೋಲರಿನ ವಿಷಯ ಯಾರು ಹೇಳ್ತಾರೆ?" ಎಂದರು.

ಎಷ್ಟು ಜಾಣರು ನೋಡು. ಮೊದಲು ಒಂದು ಸಣ್ಣ ವಿಷಯ ಎಸೆದು, ಮ್ಯಾನೇಜರ್ ಏನು ಮಾಡುತ್ತಾನೆ ಎಂದು ಕಾಯುವುದು. ಅವನು ಅದನ್ನೂ ಅವರ ತಲೆಗೇ ಕಟ್ಟಿದರೆ, ಬಾಯಿ ಮುಚ್ಚಿಕೊಂಡು

ಅಕ್ಕ.

ಇಲ್ಲಿಯವರೆಗೆ ಬರೆದು ಎದ್ದು ಹೋಗಿದ್ದೆ. ನಿನ್ನ ಕಾಗದಗಳನ್ನೆಲ್ಲ ತೆಗೆದು ಓದಿ ಬಂದು ಈಗ ಮತ್ತೆ ಕೂತಿದ್ದೇನೆ.

ನಲ್ಲಿ ಯಾಕೆ ಬಿಗಿಯಾಗಿತ್ತು?

ತಮ್ಮ


ಜುಲೈ 15

ದೊರೆಗೆ,

ನಲ್ಲಿ ಬಿಗಿಯಾಗಿರಲಿಲ್ಲ. ಪ್ಲಂಬರ್ ಎರಡೇ ಬೆರಳಿನಲ್ಲಿ ತಿರುಗಿಸಿ ತೋರಿಸಿ, "ಏನೂ ಆಗಿಲ್ವಲ್ಲಮ್ಮ" ಎಂದ. ಅಡುಗೆಮನೆಯದನ್ನೂ ಹಾಗೇ ತಿರುಗಿಸಿ ತೋರಿಸಿದ. ನನ್ನ ಬಲಗೈಯಲ್ಲಿ ಬಲವಿಲ್ಲ.

ಜನವರಿಯ ಮೂರನೇ ವಾರ ಅಪ್ಪನನ್ನು ಸ್ನಾನದ ಸ್ಟೂಲಿನಿಂದ ಎತ್ತುವಾಗ ಭುಜದಲ್ಲಿ ಏನೋ ಲಟಕ್ ಎಂದಿತು. ಬಿಸಿನೀರಿನ ಶಾಖ ಕೊಟ್ಟುಕೊಂಡೆ, ಎಣ್ಣೆ ಹಚ್ಚಿಕೊಂಡೆ. ಈಗ ಕೈ ಕಿವಿಗಿಂತ ಮೇಲೆ ಏರುವುದಿಲ್ಲ. ತಲೆ ಬಾಚಿಕೊಳ್ಳುವುದು ಎಡಗೈಯಲ್ಲಿ. ಪೆನ್ನು ಸರಿಯಾಗಿಯೇ ಇದೆ. ಹೊಲಿಗೆ ಯಂತ್ರ ಮೇಜಾಗುವುದಕ್ಕೆ ಅಪ್ಪನನ್ನು ಬಿಟ್ಟು ಕೂರಲಾಗದ್ದು ಕಾರಣವಾಗಿತ್ತು, ಈಗ ಕೂತರೂ ಬಟ್ಟೆ ತಳ್ಳಲು ಆಗುವುದಿಲ್ಲ. ಡಾಕ್ಟರು, ಭಾರ ಎತ್ತಬೇಡಿ, ಎತ್ತಿದರೆ ಕೈ ಪೂರ್ತಿ ಹೋಗುತ್ತದೆ ಎಂದಿದ್ದಾರೆ. ನಾನು ಸರಿ ಎಂದು ತಲೆಯಾಡಿಸಿ ಮನೆಗೆ ಬಂದು ಅಪ್ಪನನ್ನು ಎತ್ತಿ ಕೂರಿಸಿದೆ.

ಹೋದ ತಿಂಗಳು ಬಚ್ಚಲಿನಲ್ಲಿ ಅವರು ನನ್ನ ಕೈಯಿಂದ ಜಾರಿದರು. ಪೆಟ್ಟಾಗಲಿಲ್ಲ. ಎತ್ತಲು ನೋಡಿದೆ, ಆಗಲಿಲ್ಲ. ಅವರ ಪಕ್ಕದಲ್ಲಿ ನಾನೂ ಒದ್ದೆ ನೆಲದ ಮೇಲೆ ಕೂತೆ. ಮಧ್ಯಾಹ್ನ ಎದುರು ಮನೆಯವರು ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ಅಪ್ಪ ನನ್ನ ಮುಖ ನೋಡಿ, "ಬಸ್ ಕೆಟ್ಟಿದೆಯಮ್ಮಾ. ಹಿಂದಿನ ಬಸ್ಸಿಗೆ ಹತ್ತಿಸ್ತೀನಿ, ಗಾಬರಿಯಾಗ್ಬೇಡಿ" ಎಂದರು. ನಾನು ನಕ್ಕೆ, ಆಮೇಲೆ ಅಳು ತಡೆಯಲಾಗಲಿಲ್ಲ. ಅವರ ಟವೆಲಿನಲ್ಲೇ ಕಣ್ಣು ಒರೆಸಿಕೊಂಡೆ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಕೇಳು.

ನಾಲ್ಕು ವರ್ಷದ ಹಿಂದೆ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತಿದ್ದಾಗ, ಇನ್ನು ಮುಂದೆ ಅಪ್ಪನನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ ಎಂದು ಮೊದಲು ಹೇಳಿದವಳು ನಾನು. ಅಷ್ಟೇ ನಾನು ಮಾಡಿದ್ದು. ನೀನು ನನ್ನ ಕೈ ಹಿಡಿದುಕೊಂಡು, "ಅದು ನಿನ್ನ ಕಣ್ಣಿಗೇ ಬಿತ್ತು ನೋಡಕ್ಕ. ಅಪ್ಪನನ್ನ ನಿನ್ನಷ್ಟು ಬಲ್ಲವರು ಯಾರಿದ್ದಾರೆ? ನೀನು ನೋಡ್ಕೊಂಡ್ರೆ ನಂಗೆ ನಿಶ್ಚಿಂತೆ" ಎಂದೆ. ಎಷ್ಟು ಒಳ್ಳೆಯ ಮಾತು. ನನಗೆ ಹೆಮ್ಮೆಯೇ ಆಯಿತು. ಮನೆಗೆ ಬಂದು ಅಂಗಡಿಯ ಶಟರ್ ಎಳೆದು ಬೀಗ ಹಾಕುವಾಗ, ನನ್ನನ್ನು ಯಾರೂ ಏನೂ ಕೇಳಲೇ ಇಲ್ಲವಲ್ಲ ಎಂದು ಹೊಳೆಯಿತು.

ಆಮೇಲೆ ನಾನು ಒಂದೊಂದು ಹೇಳಿದಾಗಲೂ ಒಂದೊಂದು ಕೆಲಸ ತಿರುಗಿ ಬಂತು. ನಿದ್ದೆ ಸಾಲದು ಎಂದರೆ, ಒಳ್ಳೆಯ ಆಯಾ ಒಬ್ಬಳನ್ನು ನೀನೇ ಹುಡುಕು ಎಂದೆ. ಹುಡುಕುವುದು, ಕೆಲಸ ಹೇಳಿಕೊಡುವುದು, ಅವಳು ಬಿಟ್ಟುಹೋದ ಮೇಲೆ ಮತ್ತೆ ಹುಡುಕುವುದು. ಹೇಳದೇ ಇದ್ದರೆ ಅಷ್ಟಾದರೂ ಉಳಿಯುತ್ತದೆ ಎಂದು ಕಲಿತೆ. ಎಲ್ಲ ಚೆನ್ನಾಗಿದೆ ಎಂದು ಬರೆಯುವುದು ಸುಲಭ. ಎರಡು ಪದ, ಕೈ ನೋಯುವುದಿಲ್ಲ.

ನನಗೆ ಸಾಕಾಗಿದೆ ದೊರೆ. ಅಪ್ಪನ ಮೇಲೆ ಪ್ರೀತಿಯಿಲ್ಲವೆಂದಲ್ಲ. ಪ್ರೀತಿ ಇದೆ, ಭುಜ ಇಲ್ಲ. ನನಗೆ ಇನ್ನು ಆಗುವುದಿಲ್ಲ.

ಇದನ್ನು ಬರೆಯಲು ಮೂರು ದಿನ ಹಿಡಿಯಿತು. ಉಪಾಯಗಳನ್ನು ಕಳಿಸಬೇಡ. ಇದನ್ನೂ ನನಗೇ ವಾಪಸು ಕಳಿಸಬೇಡ.

ಅಕ್ಕ


ಜುಲೈ 18

ಅಕ್ಕ,

ಓದಿದೆ.

ಶನಿವಾರ ಬೆಳಿಗ್ಗೆ ಬರುತ್ತೇನೆ. ಅಪ್ಪನನ್ನು ಮಲಗಿಸಿಕೊಂಡು ಬರಲು ವ್ಯಾನ್ ಗೊತ್ತುಮಾಡಿದ್ದೇನೆ. ನಮ್ಮ ಮನೆಯ ಮುಂದಿನ ಕೋಣೆಯಿಂದ ಸೋಫಾ ಹೊರಗೆ ಹಾಕಿ ಮಂಚ ಹಾಕಿಸಿದ್ದೇನೆ. ಬೆಳಗಿನ ಹೊತ್ತು ಬರಲು ಒಬ್ಬ ಗಂಡಾಳನ್ನು ಮಾತಾಡಿದ್ದೇನೆ, ಮಧ್ಯಾಹ್ನದಿಂದ ನಾನೇ ಇರುತ್ತೇನೆ. ಯಜಮಾನರಿಗೆ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ, ಆದರೂ ಒಪ್ಪಿದರು.

ನೀನು ಬಟ್ಟೆ ಜೋಡಿಸಬೇಡ. ಔಷಧಿಯ ಹೊತ್ತುಗಳನ್ನು ಬರೆದಿಡಬೇಡ, ನಾನು ಬಂದು ಕೇಳಿ ಕಲಿಯುತ್ತೇನೆ. ಅಪ್ಪನಿಗೂ ನಾನೇ ಹೇಳುತ್ತೇನೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಅದೂ ನಿನಗೆ ಒಪ್ಪಿಸುವ ಇನ್ನೊಂದು ಕೆಲಸವೇ ಅನ್ನಿಸಿತು.

ತಮ್ಮ


ಸೆಪ್ಟೆಂಬರ್ 5

ಅಕ್ಕ,

"ಇಲ್ಲಿ ಎಲ್ಲ ಚೆನ್ನಾಗಿದೆ" ಎಂದು ಶುರುಮಾಡಿದ್ದೆ. ಆ ಹಾಳೆ ಹರಿದು ಇದನ್ನು ತೆಗೆದುಕೊಂಡೆ.

ಇಲ್ಲಿ ಎಲ್ಲ ಚೆನ್ನಾಗಿಲ್ಲ. ಮೊದಲ ವಾರ ಅಪ್ಪ ಊಟ ಮಾಡಲಿಲ್ಲ. ನಾನು ಮಾಡಿದ ಗಂಜಿ ತಳ ಹಿಡಿದಿತ್ತು, ಅದೂ ಒಂದು ಕಾರಣವಿರಬಹುದು. ನಿನ್ನನ್ನು ಕೇಳುತ್ತಾರೆ. ನೀನು ಹಿಂದಿನ ಬಸ್ಸಿಗೆ ಬರುತ್ತೀಯ ಎಂದು ಒಮ್ಮೆ ಹೇಳಿಬಿಟ್ಟೆ. ಈಗ ಕಿಟಕಿಯ ಪಕ್ಕ ಕೂತು ಪ್ರತಿ ಬಸ್ಸಿನ ಸದ್ದಿಗೂ ತಲೆ ಎತ್ತುತ್ತಾರೆ. ಹೇಳಬಾರದಿತ್ತು.

ನನ್ನಾಕೆ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದಳು: "ಮಾವನವರು ಬರಲಿ, ನಂಗೂ ಸಂತೋಷ. ಕರ್ಕೊಂಡು ಬರೋದು ನೀವು, ನೋಡ್ಕೊಳ್ಳೋದೂ ನೀವು. ನಿಮ್ಮ ಕಿರೀಟ ನಂಗೆ ಬೇಡ." ಹಾಗೆಂದವಳೇ ಸಂಜೆ ಅವರ ಉಗುರು ಕತ್ತರಿಸುತ್ತಾ ಕೂತಿರುತ್ತಾಳೆ. ನಾನು ಭೇಷ್ ಎನ್ನುವುದಿಲ್ಲ. ಎಂದರೆ ಅವಳು ಕತ್ತರಿ ಕೆಳಗಿಟ್ಟುಬಿಡುತ್ತಾಳೆ ಎಂದು ಗೊತ್ತು.

ಗಂಡಾಳು ವಾರಕ್ಕೊಮ್ಮೆ ಹೇಳದೆ ಕೇಳದೆ ರಜ ಹಾಕುತ್ತಾನೆ. ನಿನ್ನೆ ಅಪ್ಪ ನನ್ನನ್ನು ಬೈದರು, ಚಾದರ ಬದಲಿಸಲು ಬರುವುದಿಲ್ಲ ಎಂದು. ದಿನಕ್ಕೆ ಸಾವಿರ ಚಾದರ ನೋಡುವವನಿಗೆ. ಅವರು ಹೇಳಿದ್ದು ನಿಜ. ಮಲಗಿದವರ ಕೆಳಗಿನ ಚಾದರ ತೆಗೆಯುವುದು ನನಗೆ ಬರುವುದಿಲ್ಲ. ಸೊಂಟ ಹಿಡಿದುಕೊಂಡಿದೆ. ಕೆಲವು ಸಂಜೆ ಇವರು ಬೇಗ ಮಲಗಿದರೆ ಸಾಕು ಎಂದು ಕಾಯುತ್ತಾ ಕೂತಿರುತ್ತೇನೆ, ಕಾದದ್ದಕ್ಕೆ ನಾಚಿಕೊಳ್ಳುತ್ತೇನೆ. ನಾಲ್ಕು ವರ್ಷ ಹೇಗೆ ಮಾಡಿದೆ ಅಕ್ಕ?

ಇದಕ್ಕೆಲ್ಲ ನೀನೇನೂ ಮಾಡಬೇಕಾಗಿಲ್ಲ. ಗಂಜಿ ಮಾಡುವ ಬಗೆ ಬರೆದು ಕಳಿಸಬೇಡ. ಹೊರಟು ಬರಬೇಡ. ಹೇಳಬೇಕು ಅನ್ನಿಸಿತು, ಹೇಳಿದೆ.

ತಮ್ಮ


ಸೆಪ್ಟೆಂಬರ್ 13

ತಮ್ಮಾ,

ನಿನ್ನ ಕಾಗದ ಮೊನ್ನೆ ಮಧ್ಯಾಹ್ನ ಬಂತು. ಭುಜಕ್ಕೆ ವ್ಯಾಯಾಮ ಮಾಡಿಸುವವರ ಹತ್ತಿರ ಹೋಗಿ ಬಂದು ಆಗಷ್ಟೇ ಕೂತಿದ್ದೆ. ಓದುತ್ತಾ ಎರಡು ಸಲ ಎದ್ದೆ. ಒಮ್ಮೆ ಗಂಜಿಗೆ ಎಷ್ಟು ನೀರು ಎಂದು ಬರೆಯಲು ಪೆನ್ನು ತರಲು, ಇನ್ನೊಮ್ಮೆ ಚೀಲ ತುಂಬಲು.

ಎರಡು ಸಲವೂ ಮತ್ತೆ ಬಂದು ಕೂತೆ.

ಏನೂ ಮಾಡಲಿಲ್ಲ. ಕಾಗದ ಮಡಚಿ ದಿಂಬಿನ ಕೆಳಗಿಟ್ಟೆ. ಇಲ್ಲಿ ಅಪ್ಪ ಮಲಗುತ್ತಿದ್ದ ಮಂಚ ಕಿಟಕಿಯ ಪಕ್ಕ ಇದೆಯಲ್ಲ, ಅದರ ಮೇಲೆ ಮಲಗಿದೆ. ಎಚ್ಚರವಾದಾಗ ಬೀದಿಯಲ್ಲಿ ದೀಪ ಹತ್ತಿತ್ತು. ಯಾರೂ ನನ್ನನ್ನು ಕರೆದಿರಲಿಲ್ಲ.

ಅಕ್ಕ